ಸತ್ತವರ ಕ್ರಯಪತ್ರಕ್ಕೆ ಸಾಕ್ಷಿ ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಚೀನಾದ ಮಣ್ಣಿನ ಸೈನಿಕರ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಅದರ ಬೆನ್ನಿಗೇ ಓದುಗರ ಅಂಕಣದಲ್ಲಿ ಎರಡು ಪತ್ರ ಬಂದವು. ಸತ್ತ ಮೇಲೂ ಕಾವಲಿಗೆ ಸಾವಿರಾರು ಸಿಪಾಯಿಗಳು ಬೇಕಾದ ರಾಜ ಎಷ್ಟು ಪುಕ್ಕಲನಿರಬೇಕು ಎಂದು ಒಬ್ಬರು ನಕ್ಕಿದ್ದಾರೆ. ಇದೆಲ್ಲ ಮೂಢನಂಬಿಕೆ, ಜನರ ದುಡ್ಡಿನ ಪೋಲು, ಕರಾವಳಿಯ ಓದುಗರಿಗೆ ಇದರಿಂದ ಏನು ಉಪಯೋಗ ಎಂದು ಇನ್ನೊಬ್ಬರು ಕೇಳಿದ್ದಾರೆ. ಇಬ್ಬರಿಗೂ ಉತ್ತರ ಕೊಡೋಣ ಅನ್ನಿಸಿತು. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿ ಹಾಕಲೇಬೇಕಾದರೆ ಸೈನಿಕರ ಭಾಗಕ್ಕೆ ಹಾಕಿ. ಹಂದಿಗೂಡಿನ ಭಾಗವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ನಾನು ಮಂಗಳೂರಿನಲ್ಲಿ ದಸ್ತಾವೇಜು ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರದ ಸಣ್ಣ ಕೋಣೆಯಲ್ಲಿ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವೀಲುನಾಮೆ ಬರೆಯುವುದು ನನ್ನ ಹೊಟ್ಟೆಪಾಡು. ಇಂಥವನಿಗೂ ಚೀನಾದ ಗೋರಿಗಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ನನ್ನ ಮಗಳು ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದಲ್ಲಿ ಎಂ.ಬಿ.ಬಿ.ಎಸ್. ಓದಿದಳು. ಅವಳನ್ನು ನೋಡಲು ನಾನೂ ನನ್ನ ಹೆಂಡತಿಯೂ ಹೋದಾಗ ಅಲ್ಲಿನ ಹುನಾನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ಹೆಂಡತಿ ರೇಷ್ಮೆ ಬಟ್ಟೆಗಳ ಮುಂದೆ ನಿಂತಳು. ನಾನು ಬಿದಿರಿನ ಸಣ್ಣ ಪಟ್ಟಿಗಳ ಮುಂದೆ ನಿಂತವನು ಅಲ್ಲಿಂದ ಅಲ್ಲಾಡಲಿಲ್ಲ. ಅವು ಗೋರಿಯೊಳಗೆ ಇಟ್ಟ ಸಾಮಾನುಗಳ ಪಟ್ಟಿ! ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನನಗೆ ಅರ್ಥವಾಗದ್ದನ್ನು ಮಗಳ ಕೈಲಿ ಓದಿಸುತ್ತೇನೆ.

ಸೈನಿಕರ ಮಾತು ಮೊದಲು ಮುಗಿಸಿಬಿಡುತ್ತೇನೆ. 1974ರಲ್ಲಿ ಶಿಆನ್ ಹತ್ತಿರದ ಲಿಂಟಾಂಗ್‌ನಲ್ಲಿ ರೈತರು ಬಾವಿ ತೋಡುವಾಗ ಅವರು ಸಿಕ್ಕಿದರು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಗೋರಿಗೆ ಅವರು ಕಾವಲು. ಎಂಟು ಸಾವಿರ ಎನ್ನುವುದು ಅಂದಾಜಿನ ಲೆಕ್ಕ, ತುಂಬ ಜನ ಇನ್ನೂ ಮಣ್ಣಿನಡಿಯೇ ಇದ್ದಾರೆ. ಫೋಟೊದಲ್ಲಿ ಕಾಣುವ ಬೂದು ಬಣ್ಣ ಅವರದಲ್ಲ. ಮರದ ಅಂಟಿನಿಂದ ಮಾಡಿದ ಮೆರುಗೆಣ್ಣೆಯ ಮೇಲೆ ಕೆಂಪು, ಹಸಿರು, ನೇರಳೆ ಬಳಿದಿದ್ದರು. ಅಗೆದು ಹೊರಗೆ ತೆಗೆದಾಗ ಗಾಳಿಗೆ ಮೆರುಗೆಣ್ಣೆ ಒಣಗಿ, ಸುರುಳಿ ಸುತ್ತಿ, ಬಣ್ಣವನ್ನೂ ಕಿತ್ತುಕೊಂಡು ಉದುರಿತು. ಚಕ್ರವರ್ತಿ ಮಲಗಿರುವ ಗುಡ್ಡವನ್ನು ಇನ್ನೂ ತೆರೆದಿಲ್ಲ. ಒಳಗೆ ಪಾದರಸದ ನದಿಗಳಿವೆ ಎಂದು ಸಿಮಾ ಚಿಯೆನ್ ಎಂಬ ಇತಿಹಾಸಕಾರ, ಚಕ್ರವರ್ತಿ ಸತ್ತು ಒಂದು ನೂರು ವರ್ಷದ ಮೇಲೆ ಬರೆದ. 1980ರ ದಶಕದ ಆರಂಭದಲ್ಲಿ ಗುಡ್ಡದ ಮಣ್ಣು ಪರೀಕ್ಷಿಸಿದರೆ ಪಾದರಸ ನಿಜವಾಗಿಯೂ ಜಾಸ್ತಿ ಇತ್ತು. ಮಕ್ಕಳಿಲ್ಲದ ರಾಣಿವಾಸದ ಹೆಂಗಸರನ್ನು ಜೊತೆಗೇ ಸಾಯಿಸಿದರು, ಒಳಗಿನ ಗುಟ್ಟು ಗೊತ್ತಿದ್ದ ಕೆಲಸಗಾರರನ್ನು ಒಳಗೇ ಬಿಟ್ಟು ಬಾಗಿಲು ಹಾಕಿದರು ಎಂದೂ ಅದೇ ಇತಿಹಾಸಕಾರ ಬರೆದಿದ್ದಾನೆ. ಇದರಲ್ಲಿ ಹೊಗಳಲು ನನಗೇನೂ ಕಾಣುವುದಿಲ್ಲ. ಸಿಪಾಯಿಗಳ ಮೈಮೇಲೆ ಕೆಲಸದ ಮೇಸ್ತ್ರಿಗಳ ಹೆಸರು ಒತ್ತಿದ್ದಾರೆ, ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿರಲಿ ಎಂದು. ನನಗೆ ಇಡೀ ಸೈನ್ಯದಲ್ಲಿ ಆಪ್ತ ಅನ್ನಿಸುವುದು ಆ ಹೆಸರುಗಳು ಮಾತ್ರ.

ಆದರೆ ಚಕ್ರವರ್ತಿಯ ಗೋರಿ ನೋಡಿ ಚೀನಾದ ಜನ ಸಾವನ್ನು ಹೇಗೆ ಕಂಡರು ಎಂದು ತೀರ್ಮಾನಿಸುವುದು, ಅರಮನೆ ನೋಡಿ ಮೈಸೂರಿನ ಜನ ಹೇಗೆ ಬದುಕುತ್ತಾರೆ ಎಂದು ಹೇಳಿದಂತೆ. ನಿಜವಾದ ವಿಷಯ ಇರುವುದು ಸಣ್ಣ ಅಧಿಕಾರಿಗಳ, ಜಮೀನಿನವರ, ಆಳುಗಳ ಗೋರಿಗಳಲ್ಲಿ. ಅಲ್ಲಿ ಹೆದರಿಕೆಗಿಂತ ಕಾಗದಪತ್ರ ಜಾಸ್ತಿ.

ಚಾಂಗ್ಶಾದಲ್ಲಿ ನಾವು ನೋಡಿದ್ದು ಮಾವಾಂಗ್‌ದುಯಿಯ ಸಾಮಾನುಗಳು. 1972ರಿಂದ 1974ರ ನಡುವೆ ಅಗೆದ ಮೂರು ಗೋರಿಗಳು. ಒಂದು ಲಿ ತ್ಸಾಂಗ್ ಎಂಬ ಮಂತ್ರಿಯದು, ಒಂದು ಅವನ ಹೆಂಡತಿ ಶಿನ್ ಜುಯಿಯದು, ಇನ್ನೊಂದು ಮಗನದು. ಹಾನ್ ರಾಜವಂಶದ ಕಾಲ, ಕ್ರಿ.ಪೂ. 2ನೆಯ ಶತಮಾನ. ಗಂಡನ ಗೋರಿಗೆ ಕಳ್ಳರು ನುಗ್ಗಿದ್ದರು. ಹೆಂಡತಿಯದು ಹಾಗೇ ಉಳಿದಿತ್ತು. ಒಂದರೊಳಗೊಂದು ನಾಲ್ಕು ಶವಪೆಟ್ಟಿಗೆ. ಸುತ್ತ ಇದ್ದಿಲು, ಅದರ ಹೊರಗೆ ದಪ್ಪನೆಯ ಬಿಳಿ ಜೇಡಿಮಣ್ಣು. ಹೊರಗಿನ ಗಾಳಿಯೂ ನುಗ್ಗುವಂತಿಲ್ಲ, ನೀರೂ ನುಗ್ಗುವಂತಿಲ್ಲ. ಎರಡು ಸಾವಿರ ವರ್ಷ ಕಳೆದರೂ ಚರ್ಮ ಮೆತ್ತಗಿತ್ತು, ಕೈಕಾಲಿನ ಕೀಲು ಮಡಚುತ್ತಿತ್ತು. ಅಲ್ಲಿನ ವೈದ್ಯಕೀಯ ಕಾಲೇಜಿನವರು ಮರಣೋತ್ತರ ಪರೀಕ್ಷೆಯನ್ನೇ ಮಾಡಿದರು. ವಯಸ್ಸು ಸುಮಾರು 50. ಹೃದಯದ ರಕ್ತನಾಳ ಕಟ್ಟಿತ್ತು, ಪಿತ್ತಕೋಶದಲ್ಲಿ ಕಲ್ಲಿತ್ತು. ಹೊಟ್ಟೆ ಕರುಳಿನಲ್ಲಿ 138 ಕರ್ಬೂಜದ ಬೀಜ. ಸಾಯುವ ಸ್ವಲ್ಪ ಮೊದಲು ಹಣ್ಣು ತಿಂದಿದ್ದಳು. ನನ್ನ ಮಗಳಿಗೆ ಅದೇ ದೊಡ್ಡ ವಿಷಯ, ಒಂದು ಗಂಟೆ ಪಾಠ ಮಾಡಿದಳು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಶವಪೆಟ್ಟಿಗೆಯ ನಾಲ್ಕು ಕಡೆ ಸಾಮಾನು ಇಡುವ ಖಾನೆಗಳಿವೆ. ಮೂರರಲ್ಲಿ ಉಗ್ರಾಣ. ಅಕ್ಕಿ, ಗೋಧಿ, ಮೊಟ್ಟೆ, ಪೇರ್ ಹಣ್ಣು, ಮಾಂಸದ ಬುಟ್ಟಿಗಳು. ಒಂದು ಪಾತ್ರೆಯ ಮುಚ್ಚಳ ತೆಗೆದಾಗ ಸಾರಿನಲ್ಲಿ ತಾವರೆ ಗೆಡ್ಡೆಯ ಬಿಲ್ಲೆಗಳು ತೇಲುತ್ತಿದ್ದವಂತೆ. ಪಾತ್ರೆ ಎತ್ತಿದ್ದೇ ತಡ, ಎಲ್ಲ ಕರಗಿಹೋಯಿತು. ಮೆರುಗೆಣ್ಣೆ ಹಾಕಿದ ಬಟ್ಟಲುಗಳ ಮೇಲೆ ದಯವಿಟ್ಟು ಊಟ ಮಾಡಿ, ದಯವಿಟ್ಟು ಕುಡಿಯಿರಿ ಎಂಬರ್ಥದ ಮಾತು ಬರೆದಿದೆ. ಇನ್ನು ಉತ್ತರದ ಕಡೆಯ ಖಾನೆಯನ್ನು ಚಾವಡಿಯ ಹಾಗೆ ಜೋಡಿಸಿದ್ದಾರೆ. ಸುತ್ತ ರೇಷ್ಮೆಯ ಪರದೆ. ಒರಗಲು ದಿಂಬು. ಮುಂದೆ ಊಟದ ಹರಿವಾಣ. ಪಕ್ಕದಲ್ಲಿ ಊರುಗೋಲು, ರೇಷ್ಮೆಯ ಮೆಟ್ಟು, ಅಲಂಕಾರದ ಪೆಟ್ಟಿಗೆ. ಎದುರಿಗೆ ಹಾಡುವ, ಕುಣಿಯುವ ಮರದ ಗೊಂಬೆಗಳು. ಕೂರುವ ಜಾಗ ಮಾತ್ರ ಖಾಲಿ. ಯಜಮಾನತಿ ಬಂದು ಕೂರುತ್ತಾಳೆ ಎಂದು ಬಿಟ್ಟ ಜಾಗ.

ಪೆಟ್ಟಿಗೆಯ ಮೇಲೆ ಹೊದಿಸಿದ್ದ ರೇಷ್ಮೆಯ ಚಿತ್ರಪಟ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಮೇಲೆ ಸ್ವರ್ಗ, ಸೂರ್ಯನೊಳಗೆ ಕಾಗೆ, ಚಂದ್ರನ ಮೇಲೆ ಕಪ್ಪೆ ಮತ್ತು ಮೊಲ. ಕೆಳಗೆ ಮೀನುಗಳ ಮೇಲೆ ನಿಂತು ಭೂಮಿ ಹೊತ್ತ ದೈತ್ಯ. ನಟ್ಟನಡುವೆ ಊರುಗೋಲು ಹಿಡಿದ, ಬೆನ್ನು ಬಾಗಿದ ಅದೇ ಹೆಂಗಸು. ಹಿಂದೆ ಮೂವರು ಕೆಲಸದವರು, ಮುಂದೆ ಮಂಡಿಯೂರಿದ ಇಬ್ಬರು. ಅವಳನ್ನು ಹರೆಯದವಳನ್ನಾಗಿ ಬರೆದಿಲ್ಲ, ದೇವತೆಯನ್ನಾಗಿಯೂ ಬರೆದಿಲ್ಲ. ಕೋಲು ಊರಿಕೊಂಡೇ ಮೇಲೆ ಹೋಗುತ್ತಾಳೆ. ಈ ಚಿತ್ರ ಬರೆದವನು ಅವಳನ್ನು ಕಣ್ಣಾರೆ ನೋಡಿದ್ದಿರಬೇಕು ಎಂದೇ ನನ್ನ ಅಂದಾಜು.

ಈಗ ನನ್ನ ಕಸುಬಿಗೆ ಬರುತ್ತೇನೆ. ಅವಳ ಸಾಮಾನಿನ ಪಟ್ಟಿ 312 ಬಿದಿರಿನ ಪಟ್ಟಿಗಳಲ್ಲಿದೆ. ಯಾವ ಪಾತ್ರೆಯಲ್ಲಿ ಯಾವ ಸಾರು ಎಂಬುದನ್ನೂ ಬಿಟ್ಟಿಲ್ಲ. ಮಗನ ಗೋರಿಯಲ್ಲಿ ಇನ್ನೂ ಮಜವಾದದ್ದು ಸಿಕ್ಕಿತು, ಒಂದು ಮರದ ಹಲಗೆ. ಕ್ರಿ.ಪೂ. 168ರದ್ದು. ಮನೆಯ ಪಾರುಪತ್ಯಗಾರ ಪಾತಾಳದ ಉಗ್ರಾಣದ ಅಧಿಕಾರಿಗೆ ಬರೆದ ಪತ್ರ ಅದು. ತಾರೀಕು ಇದೆ. ಸಾಮಾನಿನ ಪಟ್ಟಿ ಕಳಿಸಿದ್ದೇವೆ, ಪತ್ರ ತಲುಪಿದ ಮೇಲೆ ನೋಡಿ ನಿಮ್ಮ ಮೇಲಧಿಕಾರಿಗೆ ತಿಳಿಸಿ ಎನ್ನುವುದು ಒಕ್ಕಣೆ. ದುಃಖದ ಒಂದು ಮಾತೂ ಇಲ್ಲ. ಕವರಿಂಗ್ ಲೆಟರ್ ಎಂದರೆ ಹೀಗಿರಬೇಕು.

ಹುಬೈ ಪ್ರಾಂತ್ಯದ ಫೆಂಗ್‌ಹುವಾಂಗ್‌ಶಾನ್‌ನಲ್ಲಿ 1975ರಲ್ಲಿ ಅಗೆದ ಗೋರಿಯಲ್ಲಿ ಇನ್ನೊಂದು ಸಿಕ್ಕಿದೆ. ಅದು ಕ್ರಿ.ಪೂ. 167ರದ್ದು. ಜಿಯಾಂಗ್ಲಿಂಗ್ ಎಂಬ ಊರಿನ ಉಪಾಧಿಕಾರಿ ಪಾತಾಳದ ಉಪಾಧಿಕಾರಿಗೆ ಬರೆಯುತ್ತಾನೆ. ಕೇಳಿದಿರಲ್ಲ, ಸಮಾನ ದರ್ಜೆಯವನಿಗೇ ಬರೆದಿದ್ದಾನೆ. ನಮ್ಮ ಊರಿನ ಸುಯಿ ಎಂಬವರು 28 ಆಳುಗಳು, 18 ಹೆಣ್ಣಾಳುಗಳು, ಎರಡು ಕುದುರೆ ಗಾಡಿ, ಒಂದು ಎತ್ತಿನ ಗಾಡಿ, ಇಷ್ಟಿಷ್ಟು ಕುದುರೆಗಳ ಸಮೇತ ಬರುತ್ತಿರುವುದಾಗಿ ಸ್ವತಃ ಹೇಳಿಕೆ ಕೊಟ್ಟಿದ್ದಾರೆ, ನಿಯಮದಂತೆ ಕ್ರಮ ಕೈಗೊಳ್ಳುವುದು ಎಂದು. ಆಳುಗಳೆಂದರೆ ಜೊತೆಗಿಟ್ಟ ಮರದ ಗೊಂಬೆಗಳು. ಸತ್ತವನೇ ಹೇಳಿಕೆ ಕೊಟ್ಟಿದ್ದಾನೆ ಎಂಬ ಮಾತು ನೋಡಿ. ಬರೆದ ಗುಮಾಸ್ತನಿಗೆ ತಾನೇನು ಬರೆಯುತ್ತಿದ್ದೇನೆ ಎನ್ನುವುದು ಗೊತ್ತಿತ್ತು. ಆದರೂ ನಮೂನೆ ತಪ್ಪಿಸಲಿಲ್ಲ.

ಇವರೆಲ್ಲ ಉಳ್ಳವರಲ್ವಾ ಎಂದರೆ, ಸುನ್ ಚೆಂಗ್ ಎಂಬವನ ಕಥೆ ಹೇಳುತ್ತೇನೆ. ಸರ್ಕಾರಿ ಕುದುರೆ ಲಾಯದ ಆಳು ಅವನು. ಕ್ರಿ.ಶ. 171ರಲ್ಲಿ ಲುವೊಯಾಂಗ್ ಹತ್ತಿರ ಗೋರಿಗೆಂದು ಒಂದು ತುಂಡು ಜಮೀನು ಕೊಂಡ. ಬೆಲೆ 15,000 ನಾಣ್ಯ. ಕ್ರಯಪತ್ರವನ್ನು ಸೀಸದ ತಗಡಿನ ಮೇಲೆ ಬರೆದು ಗೋರಿಯೊಳಗೆ ಇಟ್ಟರು. ಚೆಕ್ಕುಬಂದಿ ಸರಿಯಾಗಿದೆ. ಪಶ್ಚಿಮಕ್ಕೆ ಹೆದ್ದಾರಿ, ಉಳಿದ ಮೂರು ದಿಕ್ಕಿಗೆ ನೆರೆಯವರ ಜಮೀನು, ಅವರವರ ಹೆಸರು ಸಮೇತ. ಆ ಜಾಗದಲ್ಲಿ ಬೇರು ಬಿಟ್ಟದ್ದೆಲ್ಲ, ಬೆಳೆದದ್ದೆಲ್ಲ ಸುನ್ ಚೆಂಗ್‌ನದು. ನಮ್ಮ ಹಳೆಯ ಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗ ಬರೆಯುತ್ತಿದ್ದರಲ್ಲ, ಅದೇ ವರಸೆ. ಆಮೇಲೆ ಒಂದು ಷರತ್ತು ಬರುತ್ತದೆ. ಈ ಮಣ್ಣಿನಲ್ಲಿ ಮೊದಲೇ ಯಾರಾದರೂ ಹೆಣವಾಗಿ ಮಲಗಿದ್ದರೆ, ಗಂಡಾದರೆ ಸುನ್ ಚೆಂಗ್‌ಗೆ ಆಳು, ಹೆಣ್ಣಾದರೆ ಹೆಣ್ಣಾಳು. ಬದುಕಿಡೀ ಆಳಾಗಿದ್ದವನು ಸತ್ತ ಮೇಲೆ ಆಳುಗಳನ್ನಿಟ್ಟುಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದಾನೆ. ಸಾಕ್ಷಿಗಳಿದ್ದಾರೆ. ವ್ಯವಹಾರ ಮುಗಿದ ಮೇಲೆ ಕುಡಿದ ಸಾರಾಯಿಯ ಖರ್ಚು ಇಬ್ಬರಿಗೂ ಅರ್ಧ ಅರ್ಧ ಎಂದೂ ಬರೆದಿದ್ದಾರೆ. ಈ ಕೊನೆಯ ಸಾಲು ಓದಿ ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕರು. ಯಾಕೆ ನಕ್ಕರು ಎಂದು ನಾನು ಬಿಡಿಸಿ ಹೇಳುವುದಿಲ್ಲ.

ಮುಂದಿನ ಶತಮಾನಗಳಲ್ಲಿ ಈ ಪತ್ರಗಳು ಪೂರ್ತಿ ದೇವರ ಜೊತೆಗಿನ ವ್ಯವಹಾರವಾದವು. ಮಾರುವವನು ಭೂಮಿಯ ದೇವರು. ಬೆಲೆ ಎಷ್ಟೋ ಪತ್ರಗಳಲ್ಲಿ ಒಂದೇ, 99,999 ನಾಣ್ಯ. ಅಷ್ಟು ದುಡ್ಡು ಯಾರ ಕೈಲೂ ಇಲ್ಲ, ಅದು ಅಲ್ಲಿಯ ದರ. ಮೇಲೆ ನೀಲಿ ಆಕಾಶದವರೆಗೆ, ಕೆಳಗೆ ಹಳದಿ ಬುಗ್ಗೆಯವರೆಗೆ ಹಕ್ಕು. ಹಳದಿ ಬುಗ್ಗೆ ಎಂದರೆ ಅವರ ಪಾತಾಳ. ಸಾಕ್ಷಿಗಳ ಜಾಗದಲ್ಲಿ ಜಾಂಗ್ ಜಿಯಾಂಗು, ಲಿ ಡಿಂಗ್‌ಡು ಎಂಬ ಇಬ್ಬರ ಹೆಸರು ನೂರಾರು ವರ್ಷಗಳ ಕಾಲ, ಬೇರೆ ಬೇರೆ ಪ್ರಾಂತ್ಯಗಳ ಗೋರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರ ಪತ್ರಕ್ಕೆ ಬೇಕಾದರೂ ಸಹಿ ಹಾಕುವ ಕಾಯಂ ಸಾಕ್ಷಿಗಳು. ಇಂಥವರನ್ನು ನೋಡಬೇಕಾದರೆ ಚೀನಾಕ್ಕೇ ಹೋಗಬೇಕಾಗಿಲ್ಲ ಬಿಡಿ.

ಪತ್ರ ಬರೆದವನ ಹೆಸರು ಇರಬೇಕಲ್ಲ? ಕೆಲವು ಪತ್ರಗಳಲ್ಲಿ ಅದೂ ಇದೆ. ಬರೆದವನು ಯಾರು? ನೀರಿನ ಮೀನು. ಓದಿ ಹೇಳಿದವನು ಯಾರು? ಗುಡ್ಡದ ಜಿಂಕೆ. ಜಿಂಕೆ ಎಲ್ಲಿ? ಗುಡ್ಡ ಹತ್ತಿ ಹೋಯಿತು. ಮೀನು ಎಲ್ಲಿ? ಆಳದ ಮಡುವಿಗೆ ಇಳಿಯಿತು. ತಕರಾರು ಎತ್ತುವ ಪ್ರೇತ ಯಾವುದೇ ಬರಲಿ, ಬರಹಗಾರ ಕೈಗೆ ಸಿಗುವುದಿಲ್ಲ. ಕೋರ್ಟಿನ ಸಮನ್ಸ್ ಬಂದ ದಿನವೆಲ್ಲ ನನಗೆ ಈ ಮೀನಿನ ನೆನಪಾಗುತ್ತದೆ.

ತೀರ್ವೆಯನ್ನೂ ಅವರು ಮರೆತಿಲ್ಲ. ಕ್ರಿ.ಶ. 173ರ ಒಂದು ಗೋರಿಯ ಮಣ್ಣಿನ ಜಾಡಿಯ ಮೇಲೆ ಕೆಂಪಕ್ಷರದ ಬರಹ ಇದೆ. ಸೀಸದ ಗೊಂಬೆ ಸತ್ತವನ ಪರವಾಗಿ ಬಿಟ್ಟಿ ಕೆಲಸ ಮಾಡಲಿ, ಸೋಯಾ ಕಾಳು ಮತ್ತು ಸೌತೆ ಜಾತಿಯ ಬೀಜ ಸತ್ತವನು ಪಾತಾಳದ ಕಂದಾಯ ಕಟ್ಟಲು ಎಂದು. ಇದನ್ನು ಓದಿದಾಗ ನಗು ಬಂತು, ಆಮೇಲೆ ಹೋಯಿತು. ಸರ್ಕಾರ ಸತ್ತ ಮೇಲೂ ಬಿಡುವುದಿಲ್ಲ ಎಂದು ನಂಬಿದ ಜನ ಬದುಕಿದ್ದಾಗ ಎಷ್ಟು ತೆರಿಗೆ ಕಟ್ಟಿರಬೇಕು? ಅದೇ ಕಾಲದ ಜಾಡಿಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಬದುಕಿದವರು ಪಶ್ಚಿಮದ ಹಳೆಯ ರಾಜಧಾನಿ ಚಾಂಗಾನ್‌ಗೆ ಸೇರಿದವರು, ಸತ್ತವರು ಪೂರ್ವದ ತಾಯ್ ಪರ್ವತಕ್ಕೆ ಸೇರಿದವರು. ಒಬ್ಬರ ದಾರಿಗೆ ಒಬ್ಬರು ಬರಬಾರದು. ಗಡಿಗುರುತು ಅಂದರೆ ಇದು.

ಈಗ ಹಂದಿಗೂಡು. ಹಾನ್ ಕಾಲದ ಗೋರಿಗಳಲ್ಲಿ ಅಂಗೈಯಗಲದಿಂದ ಹಿಡಿದು ಮೊಣಕಾಲೆತ್ತರದವರೆಗಿನ ಮಣ್ಣಿನ ಮನೆ ಸಾಮಾನು ರಾಶಿ ರಾಶಿ ಸಿಕ್ಕಿದೆ. ಕಣಜ. ಬಾವಿ, ಅದರ ಕಟ್ಟೆಯ ಮೇಲೆ ಬಿಂದಿಗೆ. ಒಲೆ, ಒಲೆಯ ಮೇಲೆ ಮೀನು ಮತ್ತು ಸೌಟು, ಎಲ್ಲ ಅದೇ ಮಣ್ಣಿನಲ್ಲಿ ಮೆತ್ತಿದ್ದು. ಬೊಗಳುವ ನಾಯಿ. ಮತ್ತು ಶೌಚದ ಗೂಡು ಸೇರಿಸಿ ಕಟ್ಟಿದ ಹಂದಿಗೂಡು. ಮೆಟ್ಟಿಲು ಹತ್ತಿ ಮೇಲೆ ಹೋಗುವುದು ಮನುಷ್ಯ, ಕೆಳಗೆ ಕಾಯುತ್ತ ನಿಂತಿರುವುದು ಹಂದಿ. ಹಳ್ಳಿಯ ಮನೆಗಳಲ್ಲಿ ಇದ್ದದ್ದೇ ಹಾಗೆ. ಹಂದಿ ಸಾಕಣೆಗೂ ಆಯಿತು, ಗೊಬ್ಬರಕ್ಕೂ ಆಯಿತು. ಸಂಪಾದಕರೇ, ಪರಲೋಕದ ಬಗ್ಗೆ ನಾನು ಓದಿದ ಧರ್ಮಗ್ರಂಥಗಳಲ್ಲಿ ಎಲ್ಲೂ ಕಕ್ಕಸಿನ ಪ್ರಸ್ತಾಪ ಇಲ್ಲ. ಅಮೃತ ಇದೆ, ಅಪ್ಸರೆಯರಿದ್ದಾರೆ, ಎಣ್ಣೆ ಕಾಯಿಸುವ ಕೊಪ್ಪರಿಗೆಯೂ ಇದೆ. ಅಪ್ಪ ಅಲ್ಲಿಗೆ ಹೋದ ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿದವರು ಈ ಕುಂಬಾರರು ಮಾತ್ರ. ಪುಕ್ಕಲು ರಾಜನ ಬಗ್ಗೆ ಬರೆದವರಿಗೆ ನನ್ನ ಉತ್ತರ ಈ ಹಂದಿಗೂಡು. ಹೆದರಿದವರು ಕೋಟೆ ಕಟ್ಟುತ್ತಾರೆ. ಇವರು ಸಂಸಾರ ಹೂಡಿಕೊಟ್ಟಿದ್ದಾರೆ.

ಇದನ್ನೆಲ್ಲ ಅವರು ಪೂರ್ತಿ ನಂಬಿದ್ದರೇ? ಅಷ್ಟು ಸುಲಭ ಇಲ್ಲ. ಪ್ರಾಣದ ಒಂದು ಪಾಲು ಮೇಲೆ ಹೋಗುತ್ತದೆ, ಒಂದು ಪಾಲು ದೇಹದ ಜೊತೆ ಮಣ್ಣಿನಲ್ಲಿ ಉಳಿಯುತ್ತದೆ ಎನ್ನುವವರಿದ್ದರು. ಗೋರಿಯಲ್ಲಿ ಇಡುವ ಸಾಮಾನು ಬೇಕೆಂದೇ ಅರೆಬರೆ ಇರಬೇಕು ಎಂದು ಅವರ ಹಳೆಯ ವಿಧಿಗ್ರಂಥವೊಂದು ಹೇಳುತ್ತದೆ. ಮಡಕೆಯಲ್ಲಿ ತೊಳೆಯಲು ಬಾರದ ಹಾಗೆ, ವಾದ್ಯಕ್ಕೆ ತಂತಿ ಇದ್ದರೂ ಶ್ರುತಿ ಇಲ್ಲದ ಹಾಗೆ, ಗಂಟೆಗೆ ತೂಗುಹಾಕುವ ಚೌಕಟ್ಟು ಇಲ್ಲದ ಹಾಗೆ. ಸತ್ತವರನ್ನು ಪೂರ್ತಿ ಸತ್ತವರೆಂದು ಕಂಡರೆ ಅಕ್ಕರೆ ಇಲ್ಲದ ಹಾಗೆ, ಪೂರ್ತಿ ಬದುಕಿದವರೆಂದು ಕಂಡರೆ ಬುದ್ಧಿ ಇಲ್ಲದ ಹಾಗೆ ಎನ್ನುವುದು ಅದರ ವಾದ. ನಮ್ಮಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡವರ ಆತ್ಮಗಳಿಗೆ, ಬಡಿಸುವಾಗ ಮನೆಯವರ ಮನಸ್ಸೂ ಹೆಚ್ಚುಕಡಿಮೆ ಇದೇ ಅಲ್ವಾ? ಬಾಳೆಲೆ ಹಾಕಿ, ತೀರಿಕೊಂಡವರಿಗೆ ಇಷ್ಟವಾದ ಕೋಳಿ ಪದಾರ್ಥ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಬಾಗಿಲು ತೆಗೆದಾಗ ಕೋಳಿ ಹಾಗೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ಅದನ್ನೇ ಕೂತು ಊಟ ಮಾಡುತ್ತೇವೆ.

ಪ್ರೇತ ಮದುವೆಯ ವಿಷಯವನ್ನೂ ಹೇಳಲೇಬೇಕು. ಚಿಕ್ಕಂದಿನಲ್ಲೇ ತೀರಿಕೊಂಡ ಹುಡುಗ ಹುಡುಗಿಯರಿಗೆ ಪ್ರಾಯಕ್ಕೆ ಬರುವ ಹೊತ್ತಿಗೆ ಮದುವೆ ಮಾಡಿಸುವ ಕ್ರಮ ನಮ್ಮ ಜಿಲ್ಲೆಯಲ್ಲಿ ಇವತ್ತೂ ಇದೆ. ಬಳಿ, ಅಂದರೆ ಕುಲಗೋತ್ರ, ನೋಡಿ, ಮಾತುಕತೆ ಮುಗಿಸಿ, ಸೀರೆ ಪಂಚೆ ಇಟ್ಟು, ಧಾರೆ ಎರೆದು, ಊಟ ಹಾಕುತ್ತಾರೆ. 2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು ಸುಮಾರು 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಯಿತು. ಹೊರಗಿನವರು ನಕ್ಕರು, ನಮಗೆ ಬೇಸರವಾಯಿತು. ಚೀನಾದಲ್ಲೂ ಇದೇ ಇತ್ತು. ಕ್ರಿ.ಶ. 208ರಲ್ಲಿ ತ್ಸಾವೊ ತ್ಸಾವೊ ಎಂಬ ದೊಡ್ಡ ಸೇನಾಪತಿಯ ಮುದ್ದಿನ ಮಗ ತ್ಸಾವೊ ಚೋಂಗ್ 13ನೆಯ ವಯಸ್ಸಿಗೆ ಸತ್ತ. ಅಪ್ಪ ಅವನಿಗೆ ಹೆಣ್ಣು ಹುಡುಕಿದ. ಬಿಂಗ್ ಯುವಾನ್ ಎಂಬ ಪಂಡಿತನ ಮಗಳೂ ಆಗಲೇ ತೀರಿಕೊಂಡಿದ್ದಳು. ಇದು ಕ್ರಮವಲ್ಲ ಎಂದು ಪಂಡಿತ ಒಪ್ಪಲಿಲ್ಲ. ದೇಶ ನಡುಗಿಸುತ್ತಿದ್ದ ಸೇನಾಪತಿ ಸಿಟ್ಟಾಗದೆ ಬೇರೆ ಮನೆಗೆ ಹೋದ. ಜೆನ್ ಮನೆತನದ ತೀರಿಕೊಂಡ ಹುಡುಗಿಯನ್ನು ತಂದು ಮಗನ ಪಕ್ಕ ಮಲಗಿಸಿದ. ಇದನ್ನು ಓದಿ ನನ್ನ ಹೆಂಡತಿ ಕೇಳಿದ್ದು ಒಂದೇ: ‘ಹುಡುಗಿಯ ಅಮ್ಮನಿಗೆ ಒಪ್ಪಿಗೆ ಇತ್ತಾ?’ ಇತಿಹಾಸಕಾರರು ಅದನ್ನು ಬರೆದಿಲ್ಲ.

ಇನ್ನು ಎರಡನೆಯ ಪತ್ರದವರ ದುಂದುವೆಚ್ಚದ ಮಾತು. ಅವರು ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಅದನ್ನು ಮೊದಲು ಹೇಳಿದವರು ಚೀನೀಯರೇ. ಕ್ರಿ.ಪೂ. 5ನೆಯ ಶತಮಾನದ ಹೊತ್ತಿಗೇ ಮೋಜಿ ಎಂಬ ಚಿಂತಕ ಅದ್ದೂರಿ ಶವಸಂಸ್ಕಾರದಿಂದ ಬಡವರ ಮನೆ ಬರಿದಾಗುತ್ತದೆ ಎಂದು ಜಗಳ ತೆಗೆದ. ಯಾಂಗ್ ವಾಂಗ್‌ಸುನ್ ಎಂಬ ಶ್ರೀಮಂತ ನನ್ನನ್ನು ಬೆತ್ತಲೆಯಾಗಿ ಮಣ್ಣು ಮಾಡಿ ಎಂದು ಮಕ್ಕಳಿಗೆ ಹೇಳಿ ಸತ್ತ. ಕ್ರಿ.ಶ. 1ನೆಯ ಶತಮಾನದ ವಾಂಗ್ ಚೋಂಗ್ ಸತ್ತವರಿಗೆ ಅರಿವೇ ಇಲ್ಲ, ದೆವ್ವವೆಂಬುದೇ ಇಲ್ಲ ಎಂದು ವಾದಿಸಿದ. ಸತ್ತವರೆಲ್ಲ ದೆವ್ವವಾದರೆ ದಾರಿಯಲ್ಲಿ ನಡೆಯಲು ಜಾಗ ಇರುತ್ತಿತ್ತೇ ಎಂದು ಕೇಳಿದವನು ಅವನೇ. ರಾಜಮನೆತನದವರಿಗೆ ಹೊದಿಸುತ್ತಿದ್ದ ಹಸಿರು ಜೇಡ್ ಕಲ್ಲಿನ ಕವಚದ ಕಥೆಯಂತೂ ಪಾಠವೇ ಸರಿ. ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಸಿಕ್ಕಿದ ರಾಜಕುಮಾರ ಲಿಯು ಶೆಂಗ್‌ನ ಕವಚದಲ್ಲಿ 2,498 ಜೇಡ್ ಬಿಲ್ಲೆಗಳನ್ನು ಚಿನ್ನದ ತಂತಿಯಿಂದ ಹೊಲಿದಿದ್ದರು. ಜೇಡ್ ಇದ್ದರೆ ದೇಹ ಕೊಳೆಯುವುದಿಲ್ಲ ಎಂಬ ನಂಬಿಕೆ. ಒಳಗೆ ಆತ ಮಣ್ಣಾಗಿದ್ದ. ಜೇಡ್ ಕವಚ ಇಲ್ಲದ ಶಿನ್ ಜುಯಿ ಇದ್ದಿಲು, ಜೇಡಿಮಣ್ಣಿನ ನಡುವೆ ಉಳಿದಳು. ಕಳ್ಳರು ಚಿನ್ನದ ತಂತಿಗಾಗಿ ಕವಚಗಳನ್ನು ಸುಡತೊಡಗಿದ ಮೇಲೆ ಕ್ರಿ.ಶ. 222ರಲ್ಲಿ ಚಕ್ರವರ್ತಿ ತ್ಸಾವೊ ಪಿ ಅವನ್ನು ನಿಲ್ಲಿಸಿದ. ಅವನು ಆ ಸತ್ತ ಹುಡುಗ ತ್ಸಾವೊ ಚೋಂಗ್‌ನ ಅಣ್ಣ.

ಪೋಲಿಗಿಂತ ದೊಡ್ಡ ಪಾಪವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಸುಮಾರು ಕ್ರಿ.ಪೂ. 1200ರ ರಾಣಿ ಫು ಹಾವೊಳ ಗೋರಿಯಲ್ಲಿ ಅವಳ ಜೊತೆ 16 ಜನರನ್ನು ಬಲಿ ಕೊಟ್ಟಿದ್ದರು. ಕ್ರಿ.ಪೂ. 433ರ ದೊರೆ ಯಿ ಎಂಬವನ ಗೋರಿಯಲ್ಲಿ 65 ಕಂಚಿನ ಗಂಟೆಗಳ ಅದ್ಭುತ ವಾದ್ಯ ಸಿಕ್ಕಿತು, ಪಕ್ಕದಲ್ಲಿ 21 ಹೆಂಗಸರ ಹೆಣವೂ ಸಿಕ್ಕಿತು. ಕ್ರಿ.ಪೂ. 384ರಲ್ಲಿ ಚಿನ್ ರಾಜ್ಯದ ದೊರೆಯೊಬ್ಬ ಇದನ್ನು ನಿಷೇಧಿಸಿದ. ಮನುಷ್ಯರ ಹಾಗೇ ಕಾಣುವ ಗೊಂಬೆ ಹೂಳುವುದನ್ನೂ ಕನ್‌ಫ್ಯೂಷಿಯಸ್ ಸಹಿಸುತ್ತಿರಲಿಲ್ಲವಂತೆ. ಇವತ್ತು ಗೊಂಬೆ, ನಾಳೆ ಮನುಷ್ಯ ಎಂಬ ಹೆದರಿಕೆ ಅವನದು. ನನಗೆ ಮಾತ್ರ ಮಣ್ಣಿನ ಗೊಂಬೆ ದೊಡ್ಡ ದಯೆ ಎಂದೇ ಕಾಣುತ್ತದೆ.

ಕರಾವಳಿಯ ಓದುಗರಿಗೆ ಏನು ಉಪಯೋಗ ಎಂದು ಕೇಳಿದ್ದಾರಲ್ಲ, ಅದಕ್ಕೂ ಉತ್ತರ ಇದೆ. ಗೋರಿಯಲ್ಲಿ ಮಣ್ಣಿನ ಗೊಂಬೆ ಇಟ್ಟವರು ಚೀನಾದಲ್ಲಿ ಮಾತ್ರ ಇರಲಿಲ್ಲ. ಮೂಡುಬಿದಿರೆ ಹತ್ತಿರದ ಮೂಡು ಕೊಣಾಜೆಯಲ್ಲಿ ಕಲ್ಲುಗುಡ್ಡದ ಇಳಿಜಾರಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ಅವನ್ನು ಗುರುತಿಸಿದಾಗ ಒಂಬತ್ತು ಇದ್ದವು. ಈಗ ನೆಟ್ಟಗೆ ಉಳಿದಿರುವುದು ಎರಡೇ. 2023ರಲ್ಲಿ ಶಿರ್ವದ ಕಾಲೇಜಿನ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳನ್ನು ಕಂಡರು. ನವಿಲು, ಕುದುರೆ, ಗೂಳಿಯ ತಲೆ ಇರುವ ಮನುಷ್ಯ, ಮಾತೃದೇವತೆ. ಕಾಲ ಕ್ರಿ.ಪೂ. 800ರಿಂದ 700 ಇರಬಹುದು ಎಂದು ಅವರ ಅಂದಾಜು. ಹಾಗಾದರೆ ಮೊದಲ ಚಕ್ರವರ್ತಿಯ ಸೈನ್ಯಕ್ಕಿಂತ ಇವು ಹಳೆಯವು. ಗೋರಿಯೊಳಗಿದ್ದವನಿಗೆ ನವಿಲು ಯಾಕೆ ಬೇಕಿತ್ತು? ಇವನ ಕಡೆಯವರು ಕ್ರಯಪತ್ರವನ್ನೂ ಬರೆಯಲಿಲ್ಲ, ಸಾಮಾನಿನ ಪಟ್ಟಿಯನ್ನೂ ಬರೆಯಲಿಲ್ಲ. ಅಕ್ಷರವೇ ಇರಲಿಲ್ಲವಲ್ಲ.

ಹಾಗಾಗಿ ನನ್ನ ಕೋರಿಕೆ ಎರಡು. ಪುರವಣಿಯಲ್ಲಿ ಇನ್ನೊಮ್ಮೆ ಈ ವಿಷಯ ಬಂದಾಗ ಸಿಪಾಯಿಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಒಲೆ, ಬಾವಿ, ಕ್ರಯಪತ್ರಗಳ ಫೋಟೊ ಹಾಕಿ. ಮತ್ತು ಮೂಡು ಕೊಣಾಜೆಗೆ ಒಬ್ಬ ವರದಿಗಾರರನ್ನು ಕಳಿಸಿ. ಆ ಎರಡು ಕಲ್ಗೋರಿಗಳು ಯಾವ ಸರ್ವೆ ನಂಬರಿನಲ್ಲಿವೆ, ಪಹಣಿ ಯಾರ ಹೆಸರಿನಲ್ಲಿದೆ, ಬೇಲಿ ಹಾಕಿಸುವ ಹೊಣೆ ಯಾರದು ಎಂಬುದನ್ನು ವಿಚಾರಿಸಿ ಬರೆಯಲಿ. ಕಾಗದ ಓದುವುದರಲ್ಲಿ ಸಹಾಯ ಬೇಕಾದರೆ ನಾನು ಬಂದೇನು. ಶನಿವಾರ ಮಧ್ಯಾಹ್ನದ ಮೇಲೆ ಬಿಡುವಿರುತ್ತದೆ. ಫೀಸು ಬೇಡ.

ಇಂತಿ,
ನಿಮ್ಮ ಓದುಗ,
ಒಬ್ಬ ದಸ್ತಾವೇಜು ಬರಹಗಾರ, ಮಂಗಳೂರು